ಶನಿಗ್ರಹದ ಹಕ್ಕು ಬಿಟ್ಟುಕೊಟ್ಟ ಸಾಹಿತಿ

ಕಳೆದ ವರ್ಷ ಧಾರಾವಾಹಿಯೊಂದಕ್ಕೆ ಎಂಟು ಸಾಲಿನ ಶೀರ್ಷಿಕೆ ಗೀತೆ ಬರೆದುಕೊಟ್ಟೆ. ಅದಕ್ಕೆ ಬಂದ ಒಪ್ಪಂದಪತ್ರ ಹದಿನಾಲ್ಕು ಪುಟವಿತ್ತು. ಒಂಬತ್ತನೆಯ ಪುಟದಲ್ಲಿ, ಈ ಗೀತೆಯ ಸಮಸ್ತ ಹಕ್ಕುಗಳನ್ನು ಇಡೀ ಬ್ರಹ್ಮಾಂಡಕ್ಕೆ ಅನ್ವಯಿಸುವಂತೆ, ಶಾಶ್ವತವಾಗಿ, ಈಗ ಇರುವ ಮತ್ತು ಮುಂದೆ ಯಾರಾದರೂ ಕಂಡುಹಿಡಿಯಬಹುದಾದ ಎಲ್ಲ ಮಾಧ್ಯಮಗಳಿಗೂ ಸೇರಿಸಿ ನಾನು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿತ್ತು. ಅತ್ತಿಗೆ ನಾದಿನಿಯರ ಜಗಳದ ಕಥೆಗೆ ಹೊಸೆದ ಹಾಡನ್ನು ಶನಿಗ್ರಹದಲ್ಲಿ ಯಾರು ಕೇಳುತ್ತಾರೋ ನನಗೆ ತಿಳಿಯದು. ಒಂದು ವೇಳೆ ಕೇಳಿ ಕಾಸು ಕೊಟ್ಟರೂ ಅದು ನನಗೆ ಸೇರತಕ್ಕದ್ದಲ್ಲ ಎಂಬುದು ಇತ್ಯರ್ಥವಾಗಿದೆ. ಭೂಮಿಯ ಮೇಲಿನ ಬಾಕಿ ಹಣದ ವಿಚಾರ ಮಾತ್ರ ಇನ್ನೂ ಅಕೌಂಟ್ಸ್ ವಿಭಾಗದಲ್ಲಿದೆ.

ಬ್ರಹ್ಮಾಂಡ ಸುಮ್ಮನೆ ಬಂದದ್ದಲ್ಲ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದೇ ವರ್ಷ, ಪ್ರದೇಶವನ್ನು ಹೇಳದಿದ್ದರೆ ಭಾರತ ಮಾತ್ರ ಎನ್ನುತ್ತದೆ ನಮ್ಮ ಕಾಪಿರೈಟ್ ಕಾಯ್ದೆ. ಹಾಗಾಗಿ ವಕೀಲರು ಯಾವುದಕ್ಕೂ ಇರಲಿ ಎಂದು ನಕ್ಷತ್ರಮಂಡಲವನ್ನೂ ಸೇರಿಸುತ್ತಾರೆ. ಒಪ್ಪಂದದ ಕಾಲದಲ್ಲಿ ಹುಟ್ಟಿಯೇ ಇರದ ಮಾಧ್ಯಮವನ್ನು ಅದರ ಹೆಸರು ಹೇಳದೆ ಬರೆಸಿಕೊಂಡರೆ ಆ ಮಾತು ಊರ್ಜಿತವಾಗದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮವರ ಹಳೆಯ ಅಭ್ಯಾಸ. ಗಾಂಧಿನಗರದಲ್ಲಿ ಕುಲಾವಿಯ ಜೊತೆಗೆ ಕೂಸಿನ ಆಸ್ತಿಯನ್ನೂ ಬರೆಸಿಕೊಳ್ಳುತ್ತಾರೆ.

ಇದರ ಹಿಂದೆ ಒಂದು ಸಣ್ಣ ಚರಿತ್ರೆಯಿದೆ. 1977ರಲ್ಲಿ ಸುಪ್ರೀಂ ಕೋರ್ಟು, ಚಿತ್ರಕ್ಕಾಗಿ ಹಣ ಕೊಟ್ಟು ಬರೆಸಿದ ಹಾಡಿನ ಮೊದಲ ಒಡೆಯ ನಿರ್ಮಾಪಕನೇ ಎಂದು ತೀರ್ಪಿತ್ತಿತು. ಅಲ್ಲಿಂದ ಮೂವತ್ತೈದು ವರ್ಷ ಸಾಹಿತಿಗಳು ಒಂದು ಕವರಿನಲ್ಲಿ ಬಂದದ್ದನ್ನು ಎಣಿಸಿಕೊಂಡು ಮನೆಗೆ ಹೋದರು. ಹಿಂದಿಯ ಚಿತ್ರಸಾಹಿತಿ ಜಾವೇದ್ ಅಖ್ತರ್ ರಾಜ್ಯಸಭೆಯ ಸದಸ್ಯರಾಗಿದ್ದಾಗ, 2012ರಲ್ಲಿ, ಕಾಯ್ದೆಗೆ ತಿದ್ದುಪಡಿಯಾಯಿತು. ಅದರ ಪ್ರಕಾರ, ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಹಾಡು ಕೇಳಿಸುವುದನ್ನು ಬಿಟ್ಟು ಉಳಿದೆಲ್ಲ ಬಳಕೆಗೂ ಬರುವ ರಾಯಧನದಲ್ಲಿ ಸಾಹಿತಿಗೆ ಸಮಪಾಲು. ಆ ಪಾಲನ್ನು ಅವನು ತನ್ನ ವಾರಸುದಾರರಿಗೆ ಅಥವಾ ರಾಯಧನ ವಸೂಲು ಮಾಡಿ ಹಂಚುವ ಹಕ್ಕುಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಕೊಡುವಂತಿಲ್ಲ, ಕೊಟ್ಟೆನೆಂದು ಸಹಿ ಹಾಕಿದರೂ ಆ ಸಹಿ ನಡೆಯುವುದಿಲ್ಲ. ಅಂದರೆ ಕರ್ಣನ ಕವಚಕುಂಡಲಗಳಂತೆ ಈ ಪಾಲು ಮೈಗಂಟಿಯೇ ಬಂದದ್ದು. ಕಥೆಯ ಮುಂದಿನ ಭಾಗವೂ ಹಾಗೆಯೇ ನಡೆಯುತ್ತದೆ. ಇಂದ್ರನು ಬ್ರಾಹ್ಮಣ ವೇಷದ ಬದಲು ಪ್ರೊಡಕ್ಷನ್ ಮ್ಯಾನೇಜರ್ ವೇಷದಲ್ಲಿ ಬಂದು, “ಸರ್, ಇದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್, ಎಲ್ಲರೂ ಹಾಕ್ತಾರೆ” ಎಂದು ಪೆನ್ನು ಮುಂದೆ ಹಿಡಿಯುತ್ತಾನೆ. ಪಾಪ, ಕರ್ಣನಿಗೆ ಪ್ರತಿಯಾಗಿ ಶಕ್ತ್ಯಾಯುಧವಾದರೂ ಸಿಕ್ಕಿತ್ತು. ನನಗೆ ಸಿಕ್ಕಿದ್ದು “ಮುಂದಿನ ಪ್ರಾಜೆಕ್ಟ್‌ನಲ್ಲಿ ನೋಡ್ಕೊಳ್ಳೋಣ ಸರ್” ಎಂಬ ಅಭಯ.

ಹಾಗೆಂದು ಕೊಟ್ಟದ್ದೆಲ್ಲ ನನ್ನದೇ ಮಾತು ಎಂದೂ ಧೈರ್ಯವಾಗಿ ಹೇಳಲಾರೆ. ರಾತ್ರಿ ಹನ್ನೊಂದಕ್ಕೆ ಸಂಗೀತ ನಿರ್ದೇಶಕರಿಂದ ಒಂದು ಧ್ವನಿ ಸಂದೇಶ ಬರುತ್ತದೆ. ಹಿನ್ನೆಲೆಯಲ್ಲಿ ಫ್ಯಾನು ತಿರುಗುವ ಸದ್ದು, ಎಲ್ಲೋ ಕುಕ್ಕರಿನ ಸೀಟಿ, ನಡುವೆ ಅವರ ಕಂಠದಲ್ಲಿ “ತನನಾ ತನನಾ ಪೀಕಾ ಪೀಕಾ ಓ ಬೇಬಿ.” ಇದನ್ನು ಡಮ್ಮಿ ಎನ್ನುತ್ತಾರೆ, ಟ್ಯೂನು ಮರೆಯದಿರಲೆಂದು ತುಂಬಿದ ಅರ್ಥವಿಲ್ಲದ ಅಕ್ಷರಗಳು. ಅವನ್ನು ತೆಗೆದು ಅದೇ ಮೀಟರಿಗೆ ಅರ್ಥವಿರುವ ಕನ್ನಡ ಕೂರಿಸುವುದು ನನ್ನ ಉದ್ಯೋಗ. ತೊಂದರೆಯೆಂದರೆ ಅಷ್ಟರಲ್ಲಿ ಚಿತ್ರದ ನಿರ್ದೇಶಕರು ಆ ಡಮ್ಮಿಯನ್ನು ಮೂರು ತಿಂಗಳು ಕಾರಿನಲ್ಲಿ ಕೇಳಿರುತ್ತಾರೆ, ಅವರ ಮಗಳು ಅದಕ್ಕೆ ಕುಣಿದಿರುತ್ತಾಳೆ, ಆ ಜಾಗಕ್ಕೆ ಯಾವ ಅರ್ಥ ಬಂದರೂ ಅವರಿಗೆ ಒಗ್ಗದ ಸೊಸೆ ಮನೆಗೆ ಬಂದಂತಾಗುತ್ತದೆ. ಒಂದು ಚಿತ್ರಕ್ಕೆ ನಾನು ನಾಲ್ಕು ಪಲ್ಲವಿ ಬರೆದೆ. ಪ್ರತಿಯೊಂದನ್ನೂ ಕಣ್ಣುಮುಚ್ಚಿ ಆಲಿಸಿದ ನಿರ್ದೇಶಕರು, “ಸಾಹಿತ್ಯ ಚೆನ್ನಾಗಿದೆ ಸರ್, ಆದ್ರೆ ಡಮ್ಮಿಯ ಫೀಲ್ ಬರ್ತಿಲ್ಲ” ಎಂದರು. ಕೊನೆಗೆ ಮತ್ತೆ ಮತ್ತೆ ಬಂದು ಕಿವಿಯಲ್ಲಿ ಕೂರುವ ಹುಕ್ ಲೈನಿನಲ್ಲಿ ಪೀಕಾ ಪೀಕಾ ಉಳಿಯಿತು, ನನ್ನ ಕನ್ನಡ ಚರಣಗಳಿಗೆ ಹೋಯಿತು. ಮೂವತ್ತು ಸೆಕೆಂಡಿನ ರೀಲ್ಸ್ ಮಾಡುವವರಾರೂ ಚರಣದವರೆಗೆ ಬರುವುದಿಲ್ಲ. ಬಿಡುಗಡೆ ಸಮಾರಂಭದಲ್ಲಿ ನಿರೂಪಕಿಯೊಬ್ಬರು ಪೀಕಾ ಎಂಬ ಅದ್ಭುತ ಪದ ಎಲ್ಲಿ ದೊರೆಯಿತು ಎಂದು ಕೇಳಿದಾಗ, ಹಳಗನ್ನಡದಲ್ಲಿ ಎಂದು ಹೇಳಿ ಬಂದೆ. ಚಪ್ಪಾಳೆ ಬಿತ್ತು.

ಆ ಹಾಡಿಗೆ ಲಿರಿಕಲ್ ವಿಡಿಯೋ ಕೂಡ ಬಂತು. ಚಿತ್ರದ ದೃಶ್ಯಗಳನ್ನು ತೋರಿಸಲಾಗದ ಕಾರಣ ನಾಲ್ಕು ನಿಮಿಷ ಪರದೆಯ ತುಂಬ ಬರೇ ಅಕ್ಷರಗಳನ್ನು ಹಾರಿಸುವ ಪದ್ಧತಿಯಿದು. ಬರೆದವನ ಪಾಲಿಗೆ ಇದಕ್ಕಿಂತ ಹಬ್ಬವುಂಟೆ ಎಂದುಕೊಂಡು ಕುಳಿತೆ. ಆಡಿಯೋ ಕಂಪನಿಯ ಲಾಂಛನ ಬಂತು, ನಿರ್ಮಾಪಕರ ದಿವಂಗತ ತಂದೆಯವರ ಭಾವಚಿತ್ರ ಬಂತು, ಡ್ರೋನ್ ಹಾರಿಸಿದವರ ಹೆಸರೂ ಬಂತು. ನನ್ನ ಹೆಸರು ಕೆಳಗಿನ ವಿವರಣೆಯಲ್ಲಿ “ಇನ್ನಷ್ಟು” ಎಂಬುದನ್ನು ಒತ್ತಿದರೆ, ಕಾಸ್ಟ್ಯೂಮ್ ಇಸ್ತ್ರಿಯವರ ಹಿಂದೆ ಸಿಗುತ್ತದೆ. ಸಾಲುಗಳಾದರೂ ಕನ್ನಡ ಲಿಪಿಯಲ್ಲಿದ್ದವೇ ಎಂದರೆ ಅದೂ ಇಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಲಕಾರಕ್ಕೂ ಳಕಾರಕ್ಕೂ ಭೇದವಿಲ್ಲವಾದ್ದರಿಂದ, ನಾಯಕ ತನ್ನ ಹಳ್ಳಿಯನ್ನು ನೆನೆದು ಕಣ್ಣೀರಿಡುವ ಸಾಲನ್ನು ಗೋಡೆಯ ಮೇಲಿನ ಹಲ್ಲಿಯನ್ನು ನೆನೆದು ಅಳುತ್ತಿದ್ದಾನೆಂದೂ ಓದಬಹುದು. ಹಾಗೆ ಓದಿದವರೊಬ್ಬರು ಕೆಳಗೆ “ಹೊಸ ಪ್ರತಿಮೆ” ಎಂದು ಮೆಚ್ಚಿ ಬರೆದಿದ್ದರು.

ವಿಚಿತ್ರವೆಂದರೆ ಹಾಡು ಬರೆದವನನ್ನು ಸಾಹಿತಿ ಎಂದು ಕರೆಯುವ ಉದ್ಯಮ ನಮ್ಮದು, ಮತ್ತು ಆ ಹೆಸರನ್ನು ಜನರಿಗೆ ಮುಟ್ಟಿಸಿದ ಪುಣ್ಯ ಆಕಾಶವಾಣಿಯದು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ ಎಂಬ ಹೆಸರುಗಳನ್ನು ನಮ್ಮ ತಾಯಂದಿರು ಓದಿ ತಿಳಿದವರಲ್ಲ. ಒಗ್ಗರಣೆ ಹಾಕುತ್ತಾ, “ಸಾಹಿತ್ಯ” ಎಂದು ಉದ್ಘೋಷಕಿ ನಿಂತು ಹೇಳಿದ್ದನ್ನು ಕೇಳಿ ತಿಳಿದವರು. ಉದಯಶಂಕರ್ 1993ರಲ್ಲಿ ತೀರಿಕೊಂಡರು. ಬರೆದವನ ಮರಣಾನಂತರ ಅರವತ್ತು ವರ್ಷ ಎಂಬ ಲೆಕ್ಕದಲ್ಲಿ ಅವರ ಸಾಲುಗಳಿಗೆ 2053ರ ಕೊನೆಯವರೆಗೆ ಕಾನೂನಿನ ಕಾವಲಿದೆ. ಇಂದಿನ ಆ್ಯಪುಗಳಲ್ಲಿ ಸಾಲುಗಳು ತಾಳಕ್ಕೆ ತಕ್ಕಂತೆ ಮೇಲೇರುತ್ತವೆ. ಬರೆದವನನ್ನು ಹುಡುಕಲು ಮೂರು ಚುಕ್ಕೆ ಒತ್ತಬೇಕು.

ಧಾರಾವಾಹಿಯ ಹಾಡಿನ ಗತಿಯನ್ನೂ ಹೇಳಿಬಿಡುತ್ತೇನೆ. ಎಚ್.ಎಸ್. ವೆಂಕಟೇಶಮೂರ್ತಿಯವರು ಬರೆದ ಶೀರ್ಷಿಕೆ ಗೀತೆಗಳಿಗಾಗಿ ಜನ ಗಡಿಬಿಡಿಯಿಂದ ಕೈತೊಳೆದು ಟಿ.ವಿ. ಮುಂದೆ ಬಂದು ಕೂರುತ್ತಿದ್ದ ಕಾಲವಿತ್ತು. ನನ್ನ ಎಂಟು ಸಾಲು ಮೊದಲ ವಾರ ಪೂರ್ತಿ ಬಂದವು, ಎರಡನೆಯ ವಾರ ನಾಲ್ಕಾದವು, ಜಾಹೀರಾತು ಹೆಚ್ಚಿದ ಮೇಲೆ “ಓ ಬಾಳೇ” ಎಂಬ ಸಂಬೋಧನೆ ಮಾತ್ರ ಉಳಿಯಿತು. ಬಾಳಿಗೆ ಏನು ಹೇಳಬೇಕಾಗಿತ್ತು ಎಂಬುದು ಕತ್ತರಿಗೆ ಹೋಯಿತು. ಮೊಬೈಲಿನಲ್ಲಿ ಅಷ್ಟನ್ನೂ ದಾಟಿಸಲು ಒಂದು ಗುಂಡಿ ಕೊಟ್ಟಿದ್ದಾರೆ, ಅದನ್ನು ನಮ್ಮ ಮನೆಯಲ್ಲಿಯೇ ಅತ್ಯಂತ ಚುರುಕಾಗಿ ಒತ್ತಲಾಗುತ್ತದೆ.

ಮೊನ್ನೆ ವೈಶಾಖದಲ್ಲಿ ದಾವಣಗೆರೆಯ ಕಡೆ ನೆಂಟರ ಮದುವೆಗೆ ಹೋಗಿದ್ದೆ. ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸಂಬಂಧಿಸಿದ ಸಂಭ್ರಮಗಳಲ್ಲಿ ಹಾಡಿದರೆ ಉಲ್ಲಂಘನೆಯಾಗದು ಎಂದು ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, ನನಗೂ ತಕರಾರಿಲ್ಲ. ಆರ್ಕೆಸ್ಟ್ರಾದ ಹುಡುಗ ಮೈಕು ಹಿಡಿದು ನಾಯಕನಟನ ಹೆಸರು ಹೇಳಿ, “ಈಗ ಅವರ ಸೂಪರ್ ಹಿಟ್ ಸಾಂಗು” ಎಂದು ಘೋಷಿಸಿ ನನ್ನ ಹಾಡನ್ನೆತ್ತಿಕೊಂಡ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಸೋದರಮಾವ ಎಲೆಯ ಅಂಚಿಗೆ ತಾಳ ಹಾಕುತ್ತಾ ಅರ್ಧ ಹಾಡು ಆಸ್ವಾದಿಸಿದರು, ಆಮೇಲೆ ನನ್ನ ಕಡೆ ಮಮತೆಯಿಂದ ತಿರುಗಿ, “ಇಷ್ಟು ವರ್ಷದಿಂದ ಬರೀತಾ ಇದ್ದೀಯಲ್ಲೋ, ಇಂಥದ್ದೊಂದು ಬರೀಬಾರದಾ?” ಎಂದರು. ಬಡಿಸುವವನು ಹೋಳಿಗೆಯ ಮೇಲೆ ತುಪ್ಪ ಬಿಡುತ್ತಿದ್ದ. ಇದನ್ನೇ ನನ್ನ ಸಮಪಾಲೆಂದು ಭಾವಿಸಿ, ಸಾಕೆಂದು ಕೈ ಅಡ್ಡ ಹಿಡಿಯದೆ ಸುಮ್ಮನೆ ಕುಳಿತೆ.