ಮೇಕೆದಾಟಿಗೆ ಹೊರಡೋ ಮುಂಚೆ ನದಿಗೆ ಬಿಟ್ಟ ನೀರು ನೋಡಿ

ಮೇಕೆದಾಟು ಅಂದ ತಕ್ಷಣ ನಮ್ಮ ಮಂಡ್ಯದ ಕಡೆಯವರಿಗೆ 67 ಟಿಎಂಸಿ ಅಣೆಕಟ್ಟೆಯ ಜಗಳವೇ ನೆನಪಾಗುತ್ತೆ. ಜಾಗ ನೋಡೋಕೆ ಹೋಗೋರೂ ಗಗನಚುಕ್ಕಿ ಜಲಪಾತಕ್ಕೆ ಹೋದ ಹಾಗೆ ಮಳೆಗಾಲದಲ್ಲೇ ಗಾಡಿ ಹತ್ತುತ್ತಾರೆ. ಜಲಪಾತಕ್ಕೆ ತುಂಬು ನೀರು ಬೇಕು, ಸರಿ. ಆದರೆ ಮೇಕೆದಾಟು ಅಂದರೆ ಕಾವೇರಿ ಬಂಡೆಗಳ ಇಕ್ಕಟ್ಟು ಸಂದಿಯಲ್ಲಿ ನುಗ್ಗೋ ಕಮರಿ, ಅದು ಕಾಣಬೇಕಾದರೆ ನೀರು ಇಳಿದಿರಬೇಕು. ಹೊಳೆ ತುಂಬಿದಾಗ ಬಂಡೆಗೋಡೆಗಳು ಮುಳುಗಿ ಬರೀ ಕೆಂಪು ನೀರು ಕಾಣುತ್ತೆ, ಅರ್ಕಾವತಿ ಹೊಳೆ ಕಾವೇರಿಗೆ ಸೇರೋ ಸಂಗಮದಲ್ಲಿ ಅರ್ಕಾವತಿ ದಾಟೋಕೂ ಬಿಡಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ.

ಆಗಲೂ ಅಣೆಕಟ್ಟೆಗಳಿಂದ ಹಿಂದಿನ ದಿನಗಳಲ್ಲಿ ಬಿಟ್ಟ ನೀರಿನ ಲೆಕ್ಕ ನೋಡಿ. ಕೆಆರ್‌ಎಸ್ ತುಂಬಿ 124.80 ಅಡಿ ಮುಟ್ಟಿತಾ ಅಂತ ಪೇಪರ್ ಬಿಡಿಸೋ ನಮಗೆ ಇದೇನು ಕಷ್ಟವಲ್ಲ. ಒಟ್ಟು ಹೊರಹರಿವಿನಲ್ಲಿ ನಾಲೆಗೆ ಬಿಟ್ಟಿದ್ದೂ ಸೇರಿರುತ್ತೆ. ನಿಮಗೆ ಬೇಕಾಗಿರೋದು ನದಿಗೆ ಬಿಟ್ಟದ್ದು ಮಾತ್ರ. ಕಬಿನಿಯದನ್ನೂ ನೋಡಿ, ಅದು ತಿ.ನರಸೀಪುರದಲ್ಲಿ ಕಾವೇರಿಗೆ ಕೂಡಿಕೊಳ್ಳುತ್ತೆ. ಆಮೇಲೆ ಶಿಂಷಾ, ಸಂಗಮದಲ್ಲಿ ಅರ್ಕಾವತಿ. ಇಷ್ಟೂ ನೀರು ಕೊನೆಗೆ ಆ ಇಕ್ಕಟ್ಟು ಸಂದಿಯಲ್ಲೇ ನುಗ್ಗಬೇಕು. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ, ಮೇಲೆಲ್ಲೋ ಗೇಟು ಎತ್ತಿದರೆ ಇಲ್ಲಿ ಮಟ್ಟ ಏರುತ್ತೆ.

ಮಂಡ್ಯ ಕಡೆಯಿಂದ ದಾರಿ ಸುಲಭ: ಹಲಗೂರು, ಸಾತನೂರು, ದೊಡ್ಡಆಲಹಳ್ಳಿ ಮೇಲೆ ಸಂಗಮ. ಗಾಡಿ ಅಲ್ಲೇ ಬಿಟ್ಟು ಅರ್ಕಾವತಿ ದಾಟಬೇಕು, ನೀರು ಕಮ್ಮಿಯಿದ್ದರೆ ನಡೆದು, ಇಲ್ಲವಾದರೆ ತೆಪ್ಪದಲ್ಲಿ. ತಳದ ಕಲ್ಲೆಲ್ಲ ಪಾಚಿ. ಬರಿಗಾಲು ಬೇಡ, ಹಿಮ್ಮಡಿಗೆ ಪಟ್ಟಿ ಇರೋ ಚಪ್ಪಲಿ ಹಾಕಿ. ಆ ನೀರಲ್ಲಿ ಮುಖ ತೊಳೀಬೇಡಿ: ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಂದು ಸೇರೋದು ಈ ಹೊಳೆಗೇ. ಕಾಲಲ್ಲಿ ಗಾಯ ಇದ್ದರೆ ತೆಪ್ಪವೇ ವಾಸಿ.

ಅಲ್ಲಿಂದ ಸುಮಾರು 4 ಕಿ.ಮೀ. ಕಾಡಿನ ಮಣ್ಣುರಸ್ತೆ. ಗಡಗಡ ಅನ್ನೋ ಹಳೇ ಬಸ್ಸೂ ಓಡಾಡುತ್ತೆ, ಆದರೆ ನಡೆದೇ ಹೋಗಿ ಅನ್ನೋದು ನನ್ನ ಮಾತು. ಪಕ್ಕದಲ್ಲೇ ಹರಿಯೋ ಕಾವೇರಿ ಬಸ್ಸಿನ ಧೂಳಲ್ಲಿ ಕಾಣಲ್ಲ. ಇದು ಕಾವೇರಿ ವನ್ಯಜೀವಿಧಾಮ, ಆನೆ ಇದೆ. ಅವತ್ತು ನಡೆಯೋಕೆ ಬಿಡ್ತಾರಾ ಅಂತ ಅರಣ್ಯ ಸಿಬ್ಬಂದಿಯನ್ನ ಮೊದಲೇ ಕೇಳಿ. ರಸ್ತೆ ಬಿಟ್ಟು ಪೊದೆಗೆ ನುಗ್ಗೋದು, ಸ್ಪೀಕರ್ ಹಾಕೋದು ಬೇಡ. ದಡಕ್ಕೂ ಇಳೀಬೇಡಿ, ಮೊಸಳೆ ಇದೆ. ತಲಾ ಎರಡು ಲೀಟರ್ ನೀರು ಮನೆಯಿಂದಲೇ ಹೊತ್ತುಕೊಳ್ಳಿ. ಬೆಳಿಗ್ಗೆ ಒಂಬತ್ತರೊಳಗೆ ನಡಿಗೆ ಶುರುವಾದರೆ ಬಂಡೆ ಕಾಯೋ ಮುಂಚೆ ವಾಪಸ್ ಹೊರಡಬಹುದು.

ಜೀವ ಹೋಗೋದು ಕೊನೆಯ ಬಂಡೆಗಳ ಮೇಲೆ. ಪ್ರವಾಹದಲ್ಲಿ ಸುತ್ತೋ ಕಲ್ಲುಗಳು ಬಂಡೆಯನ್ನೇ ಅರೆದು ಬಾವಿಯಂಥ ಗುಂಡಿ ಮಾಡಿವೆ. ಗೋಡೆ ಎಷ್ಟು ನುಣುಪು ಅಂದರೆ ಬಿದ್ದವರಿಗೆ ಹಿಡಿಯೋಕೆ ಒಂದು ಅಂಚೂ ಸಿಗಲ್ಲ. ಮೇಲ್ಗಡೆ ನೀರು ನಿಂತ ಹಾಗೆ ಕಾಣುತ್ತೆ, ಅಡಿಯಲ್ಲಿ ಸೆಳೆತ ಇರುತ್ತೆ. ಈಜು ಬರೋರೂ ಹೋಗಿಬಿಡೋದು ಇದಕ್ಕೇ. ಒದ್ದೆಯಾಗಿ ಕಪ್ಪಗಿರೋ ಬಂಡೆ ಮೇಲೆ ಕಾಲಿಡಬೇಡಿ, ಒಣಗಿದ ಬಂಡೆಯಲ್ಲೇ ನಿಂತು ನೋಡಿ. ಸೆಲ್ಫಿಗೆ ಅಂತ ಹಿಂದಕ್ಕೆ ಹೆಜ್ಜೆ ಹಾಕೋರನ್ನ ಜೊತೆಯವರು ಬೈದಾದರೂ ನಿಲ್ಲಿಸಿ.

ಅದೇ ದಿನ ಹತ್ತಿರದ ಚುಂಚಿ ಫಾಲ್ಸ್ ಕೂಡ ಮುಗಿಸೋಣ ಅನ್ನೋ ಆಸೆ ಬಿಡಿ. ಬಿಸಿಲಲ್ಲಿ 8 ಕಿ.ಮೀ. ಸವೆಸಿದ ಕಾಲಲ್ಲಿ ಮತ್ತೆ ಬಂಡೆ ಇಳಿಯೋಕೆ ಹೋದರೆ ಜಾರೋದು ಖಂಡಿತ.