ರೇಡಿಯೋ ಮಾತಾಡ್ತಿದೆ, ಅಂದ್ರೆ ದೇಶ ಇದೆ

ಬ್ರಿಟನ್ನಿನಲ್ಲಿ ಹೊಸ ಪ್ರಧಾನಿ ಕುರ್ಚಿಗೆ ಬಂದ ಕೂಡಲೇ ನಾಲ್ಕು ಪತ್ರ ಬರೆಯಬೇಕು. ಟೈಪ್ ಮಾಡಿಸುವ ಹಾಗಿಲ್ಲ, ಸ್ವಂತ ಕೈಬರಹವೇ ಆಗಬೇಕು. ಅಣ್ವಸ್ತ್ರ ಹೊತ್ತ ನಾಲ್ಕು ಜಲಾಂತರ್ಗಾಮಿಗಳಿಗೆ ಒಂದೊಂದು. ಒಳಗಿನ ತಿಜೋರಿಯಲ್ಲಿ ಅವು ಭದ್ರವಾಗಿರುತ್ತವೆ. ದೇಶವೇ ನಾಶವಾಯಿತು, ಹೇಳೋರು ಕೇಳೋರು ಯಾರೂ ಉಳಿದಿಲ್ಲ ಅಂತ ಖಾತ್ರಿಯಾದರೆ ಮಾತ್ರ, ಮುಂದೇನು ಮಾಡಬೇಕು ಅಂತ ತಿಳಿಯಲು ಕ್ಯಾಪ್ಟನ್ ಅದನ್ನು ತೆಗೆದು ಓದಬೇಕು. ಸರಿ, ಖಾತ್ರಿ ಆಗೋದು ಹೇಗೆ? ಇತಿಹಾಸಕಾರ ಪೀಟರ್ ಹೆನೆಸಿ ಹೇಳುವ ಪ್ರಕಾರ, ಅದಕ್ಕಿರುವ ಪರೀಕ್ಷೆಗಳಲ್ಲಿ ಒಂದು ಬಿಬಿಸಿ ರೇಡಿಯೋ 4 ಬರ್ತಿದೆಯಾ ಅಂತ ಕೇಳಿ ನೋಡುವುದು.

ಕೋಟಿಗಟ್ಟಲೆ ಪೌಂಡ್ ಸುರಿದು ಕಟ್ಟಿದ ಯುದ್ಧಯಂತ್ರ. ಅದರ ಕೊನೆಯ ತೀರ್ಮಾನಕ್ಕೆ ಸಾಕ್ಷಿ ಒಂದು ಮಾತಿನ ರೇಡಿಯೋ. ಹಾಗಾದರೆ ಆ ಕ್ಯಾಪ್ಟನ್ ಕಿವಿಗೆ ದಿನವಿಡೀ ಏನೇನು ಬೀಳುತ್ತೆ ಅಂತ ನೋಡಬೇಕಲ್ವಾ?

ಬೆಳಗ್ಗೆ 'ಟುಡೇ'. 1957ರಿಂದ ನಡೆದುಬಂದ ಕಾರ್ಯಕ್ರಮ. ಎಂಟು ಗಂಟೆಯ ಸುದ್ದಿ ಮುಗಿದ ಮೇಲೆ ಸಾಮಾನ್ಯವಾಗಿ ಒಬ್ಬ ಮಂತ್ರಿಯನ್ನು ಹಿಡಿದು ಪ್ರಶ್ನೆ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಜನ ಇಷ್ಟು ಕಾಯಬೇಕೇಕೆ ಅಂದರೆ, ಹಿಂದಿನ ಸರ್ಕಾರದ ಕಥೆ ಶುರು. ಮತ್ತೆ ಅದೇ ಪ್ರಶ್ನೆ. 'ಬಹಳ ಮುಖ್ಯವಾದ ಪ್ರಶ್ನೆ, ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡ್ತೀನಿ.' ಮೂರನೇ ಸಲ ಕೇಳುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಕ್ಯಾಪ್ಟನ್ ನೆಮ್ಮದಿಯಾಗಿ ಟೀ ಕುಡಿಯಬಹುದು. ದೇಶ ಕ್ಷೇಮ. ಮಂತ್ರಿ ನೇರವಾಗಿ ಉತ್ತರ ಕೊಟ್ಟ ದಿನ ತಿಜೋರಿ ಕೀ ಹುಡುಕಿದರಾಯಿತು.

ಇದರ ನಡುವೆಯೇ ಮೂರು ನಿಮಿಷದ ಒಂದು ಚಿಂತನೆ ಬರುತ್ತದೆ. ಯಾವುದಾದರೂ ಧರ್ಮದವರೇ ಅದನ್ನು ಹೇಳಬೇಕು. ನಮಗೂ ಒಂದು ಅವಕಾಶ ಕೊಡಿ ಅಂತ ನಾಸ್ತಿಕರು ವರ್ಷಾನುಗಟ್ಟಲೆ ಕೇಳುತ್ತಲೇ ಇದ್ದಾರೆ, ಬಿಬಿಸಿ ಆಗಲ್ಲ ಅನ್ನುತ್ತಲೇ ಇದೆ. ಕೇಳುಗರಲ್ಲಿ ಅರ್ಧ ಜನ ಅಷ್ಟೊತ್ತಿಗೆ ಹಲ್ಲುಜ್ಜುತ್ತಿರುತ್ತಾರೆ ಅಂತ ನನ್ನ ಗುಮಾನಿ. ದೇವರಿಲ್ಲ ಅಂತ ಹೇಳೋಕೂ ಇವರಿಗೆ ದೇವರ ಹೊತ್ತೇ ಬೇಕು.

ಗಂಟೆಗೆ ಸರಿಯಾಗಿ ಆರು 'ಪಿಪ್' ಕೇಳಿಸುತ್ತವೆ. 1924ರಿಂದ ಬಂದ ಪದ್ಧತಿ. ಕರಾರುವಾಕ್ಕಾದ ಸಮಯ ಅಂದರೆ ಇದೇ. ಆದರೆ ಈಗ ಡಿಜಿಟಲ್ ರೇಡಿಯೋದಲ್ಲಿ, ಇಂಟರ್ನೆಟ್ಟಿನಲ್ಲಿ ಅದು ತಡವಾಗಿ ತಲುಪುತ್ತದೆ. ತಪ್ಪು ಸಮಯವನ್ನು ಇಷ್ಟು ನಿಖರವಾಗಿ ಹೇಳುವವರು ಬೇರೆ ಸಿಗಲಿಕ್ಕಿಲ್ಲ.

ಆಮೇಲೆ ಹೆಂಗಸರಿಗಾಗಿ ಒಂದು ತಾಸು. 1946ರಲ್ಲಿ ಶುರುವಾದಾಗ ಅದನ್ನು ನಡೆಸಿಕೊಟ್ಟವರು ಅಲನ್ ಐವಿಮಿ. ಹೌದು, ಗಂಡಸೇ.

ಗಣ್ಯರನ್ನು ನಿರ್ಜನ ದ್ವೀಪಕ್ಕೆ ಕಳಿಸುವ ಕಾರ್ಯಕ್ರಮ ಇನ್ನೂ ಹಳೆಯದು, 1942ರದು. ಎಂಟು ರೆಕಾರ್ಡ್ ಆರಿಸಿಕೊಳ್ಳಬಹುದು. ಬೈಬಲ್, ಶೇಕ್ಸ್‌ಪಿಯರ್ ಪುಕ್ಕಟೆ. ಜೊತೆಗೆ ಇನ್ನೊಂದು ಪುಸ್ತಕ, ಒಂದು ಐಷಾರಾಮಿ ವಸ್ತು. ಆದರೆ ಆ ವಸ್ತು ಯಾವ ಉಪಯೋಗಕ್ಕೂ ಬರಬಾರದು, ಅದರ ನೆರವಿನಿಂದ ತಪ್ಪಿಸಿಕೊಳ್ಳುವಂತಿರಬಾರದು. ಬಂದವರೆಲ್ಲ ಈ ನಿಯಮಕ್ಕೆ ತಲೆಯಾಡಿಸುತ್ತಾರೆ. ಗಾಯಕಿ ಎಲಿಸಬೆತ್ ಶ್ವಾರ್ಜ್‌ಕಾಫ್ 1958ರಲ್ಲಿ ಆರಿಸಿಕೊಂಡ ಎಂಟರಲ್ಲಿ ಏಳು ಆಕೆಯವೇ ರೆಕಾರ್ಡುಗಳು. ಇಷ್ಟು ವರ್ಷಗಳಲ್ಲಿ ಅಲ್ಲಿ ನಿಜ ಹೇಳಿದ್ದು ಆಕೆಯೊಬ್ಬರೇ ಅನ್ನಿಸುತ್ತದೆ.

ಸಂಜೆಗೆ 'ದಿ ಆರ್ಚರ್ಸ್', ಆಂಬ್ರಿಜ್ ಎಂಬ ಇಲ್ಲದ ಹಳ್ಳಿಯ ಧಾರಾವಾಹಿ. 1951ರ ಜನವರಿ 1ರಿಂದ ದೇಶಕ್ಕೆಲ್ಲ ಕೇಳಿಸುತ್ತಿದೆ. ಯುದ್ಧ ಮುಗಿದಿದ್ದರೂ ಊಟಕ್ಕೆ ರೇಷನ್ ಇದ್ದ ಕಾಲ. ಬೆಳೆ ಜಾಸ್ತಿ ತೆಗೆಯೋದು ಹೇಗೆ ಅಂತ ರೈತರಿಗೆ ಕಥೆಯ ನೆಪದಲ್ಲಿ ಕಲಿಸೋಣ ಅಂತ ಹೊರಟರು. 1955ರ ಸೆಪ್ಟೆಂಬರ್ 22ಕ್ಕೆ ಬಿಬಿಸಿಗೆ ಪ್ರತಿಸ್ಪರ್ಧಿಯಾಗಿ ಐಟಿವಿ ಎಂಬ ಟಿವಿ ಚಾನೆಲ್ ಶುರುವಾಯಿತು. ಅದೇ ರಾತ್ರಿ ಆಂಬ್ರಿಜ್‌ನ ಲಾಯಕ್ಕೆ ಬೆಂಕಿ ಬಿದ್ದು, ಕುದುರೆ ಉಳಿಸಲು ಹೋದ ಗ್ರೇಸ್ ಆರ್ಚರ್ ತೀರಿಕೊಂಡಳು. ಮರುದಿನ ಪತ್ರಿಕೆಗಳಲ್ಲಿ ಹೊಸ ಚಾನೆಲ್ ಮೂಲೆಗೆ, ಗ್ರೇಸ್ ಮುಖಪುಟಕ್ಕೆ. ಇಲ್ಲದ ಹೆಂಗಸು ಸತ್ತದ್ದಕ್ಕೆ ಇರುವ ದೇಶ ಅತ್ತಿತು. ಬೆಳೆ ಎಷ್ಟು ಜಾಸ್ತಿಯಾಯಿತು ಅಂತ ಆಮೇಲೆ ಯಾರೂ ಲೆಕ್ಕ ಕೇಳಿದಂತಿಲ್ಲ.

ಮಧ್ಯರಾತ್ರಿ ದಾಟಿದ ಮೇಲೆ ಹಡಗಿನವರಿಗೆ ಹವಾಮಾನ. ಬ್ರಿಟನ್ನಿನ ಸುತ್ತಲ ಸಮುದ್ರವನ್ನು 31 ತುಂಡು ಮಾಡಿ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ವೈಕಿಂಗ್, ಡಾಗರ್, ಜರ್ಮನ್ ಬೈಟ್, ಫಾಸ್ಟ್‌ನೆಟ್. ಗಾಳಿ ನೈಋತ್ಯ, 5ರಿಂದ 7. ಮಳೆ. ಚೆನ್ನಾಗಿದೆ, ಆಗಾಗ ಚೆನ್ನಾಗಿಲ್ಲ. ಕೇಳುವವರಲ್ಲಿ ದೋಣಿ ಇದ್ದವರಿಗಿಂತ ಹಾಸಿಗೆಯಲ್ಲಿ ಬಿದ್ದುಕೊಂಡವರೇ ಜಾಸ್ತಿ. ಜೋಗುಳ ಕೇಳುವ ವಯಸ್ಸು ಎಂದೋ ಕಳೆದಿದೆ, ನಿದ್ದೆ ಮಾತ್ರ ಬಿರುಗಾಳಿಯ ಎಚ್ಚರಿಕೆ ಕೇಳದೆ ಬರೋದಿಲ್ಲ. 2002ರಲ್ಲಿ ಫಿನಿಸ್ಟರ್ ಎಂಬ ತುಂಡಿಗೆ ಫಿಟ್ಸ್‌ರಾಯ್ ಅಂತ ಹೆಸರು ಬದಲಿಸಿದಾಗ, ಆ ನೀರಿಗೆ ಕಾಲು ಸಹ ಅದ್ದದವರು ಗೋಳಾಡಿದರು. 2006ರಲ್ಲಿ ನಸುಕಿನ ಹೊತ್ತು ಬರುತ್ತಿದ್ದ ಬ್ರಿಟನ್ನಿನ ನಾಡಹಾಡುಗಳ ಐದು ನಿಮಿಷದ ಒಂದು ವಾದ್ಯಸಂಗೀತ ತೆಗೆದದ್ದಕ್ಕೆ ವಿಷಯ ಸಂಸತ್ತಿನವರೆಗೂ ಹೋಯಿತು. ಬೆಳಗಿನ ಐದೂವರೆಗೆ ಇಷ್ಟೊಂದು ದೇಶಭಕ್ತರು ಎದ್ದಿರುತ್ತಾರೆ ಅಂತ ಬಿಬಿಸಿಗೂ ಗೊತ್ತಿರಲಿಲ್ಲವೇನೋ.

ಇಷ್ಟಾದರೂ ಈ ರೇಡಿಯೋದ ನಿಜವಾದ ಕೆಲಸ ನಡೆಯುತ್ತಿದ್ದದ್ದು ಯಾರ ಕಿವಿಗೂ ಕೇಳಿಸದ ಕಡೆ. 198 ಕಿಲೋಹರ್ಟ್ಸ್ ಲಾಂಗ್‌ವೇವ್‌ನಲ್ಲಿ, ಮಾತಿನ ಅಡಿಯಲ್ಲೇ ಒಂದು ಗುಪ್ತ ಸಂಕೇತ ಸೇರಿಸಿ ಕಳಿಸುತ್ತಿದ್ದರು. 80ರ ದಶಕದಿಂದ ಲಕ್ಷಾಂತರ ಮನೆಗಳ ಕರೆಂಟ್ ಮೀಟರುಗಳು ಅದನ್ನು ಕೇಳಿಯೇ ರಾತ್ರಿಯ ಅಗ್ಗದ ದರಕ್ಕೆ ತಿರುಗಿ, ಹೀಟರ್ ಹಾಕಿ, ಬಿಸಿನೀರು ಕಾಯಿಸುತ್ತಿದ್ದವು. ಬಿಬಿಸಿಗೆ ಹಳೆಯ ಲಾಂಗ್‌ವೇವ್ ಸಾಕುಸಾಕಾಗಿತ್ತು. 2023ರಲ್ಲಿ ಕ್ರಿಕೆಟ್ ಕಾಮೆಂಟರಿಯನ್ನು ಅಲ್ಲಿಂದ ತೆಗೆದಾಯಿತು. ಮೀಟರ್ ಸಂಕೇತಕ್ಕೆ 2024ರ ಮಾರ್ಚ್ 31 ಕೊನೆ ಅಂದರು. ಆಗಲಿಲ್ಲ. 2025ರ ಜೂನ್ 30 ಅಂದರು. ಆಗಲೂ ಒಮ್ಮೆಗೇ ನಿಲ್ಲಿಸಲಾಗದೆ, ಹಂತ ಹಂತವಾಗಿ ನಿಲ್ಲಿಸ್ತೀವಿ ಅಂದರು.

ರೇಡಿಯೋ 4ರ ಮೇಲಿನ ದೂರುಗಳನ್ನು ರೇಡಿಯೋ 4ರಲ್ಲೇ ಓದುವ ಒಂದು ಕಾರ್ಯಕ್ರಮ ಇದೆ. ನಿರೂಪಕರ ಉಚ್ಚಾರಣೆ, ನಾಟಕದ ಹಿನ್ನೆಲೆ ಸದ್ದು, ಹಾಸ್ಯದಲ್ಲಿ ನಗು ಬರದಿರುವುದು, ಎಲ್ಲಕ್ಕೂ ಅಲ್ಲಿ ಪತ್ರ ಬರುತ್ತದೆ. ಮೀಟರುಗಳಿಂದ ಮಾತ್ರ ಒಂದು ದೂರೂ ಬರಲಿಲ್ಲ. ಅವು ಮಂತ್ರಿಯನ್ನೂ ಸಹಿಸಿಕೊಂಡವು, ಮೂರು ನಿಮಿಷದ ಚಿಂತನೆಯನ್ನೂ ಸಹಿಸಿಕೊಂಡವು. ಇಂಥ ಕೇಳುಗರನ್ನು ಕಿತ್ತುಹಾಕಲು ಈಗ ಮನೆಮನೆಗೆ ಎಲೆಕ್ಟ್ರಿಷಿಯನ್ ಬರುತ್ತಿದ್ದಾನೆ.