ಗಾಡಿ ತಣ್ಣಗಿರುವಾಗಲೇ ಪ್ರೆಶರ್ ನೋಡ್ರಪ್ಪಾ

ಡಿಸೆಂಬರ್ ಬಂತೆಂದರೆ ನನ್ನ 1982ರ ಮರ್ಸಿಡಿಸ್ 230ಇ ಮುನಿಸಿಕೊಳ್ಳುತ್ತದೆ. ಪುಣೆಯ ಬೆಳಗು ಹತ್ತು ಡಿಗ್ರಿಗೆ ಇಳಿದ ದಿನ ಚಾವಿ ತಿರುಗಿಸಿದರೆ ಸ್ಟಾರ್ಟ್ ಆಗಿ, ಎರಡು ಸಲ ಕೆಮ್ಮಿ, ಆಫ್. ಐದನೇ ಸಲಕ್ಕೆ ಹೇಗೋ ಹೊರಟು ಕೋಥ್ರೂಡ್‌ನಿಂದ ಗ್ಯಾರೇಜ್ ಮುಟ್ಟುವಷ್ಟರಲ್ಲಿ ಎಂಜಿನ್ ಬಿಸಿಯಾಗಿ, ಏನೂ ಆಗೇ ಇಲ್ಲವೆಂಬಂತೆ ಓಡುತ್ತಿರುತ್ತದೆ. ಡಾಕ್ಟರ್ ಮುಂದೆ ಕೂತಾಗಲೇ ಮಗುವಿನ ಕೆಮ್ಮು ನಿಲ್ಲುತ್ತದಲ್ಲ, ಹಾಗೆ.

ಕಳೆದ ವರ್ಷ ಅಂಥದೇ ಒಂದು ಗ್ಯಾರೇಜಿನಲ್ಲಿ 3 ಎಂಎಂ ಅಲೆನ್ ಕೀ ಹಾಕಿ ಗಾಳಿಗೆ ಬೆರೆಯುವ ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಕಳಿಸಿದರು. ಬೆಳಗಿನ ತಕರಾರು ಸ್ವಲ್ಪ ಕಮ್ಮಿಯಾಯಿತು. ಮಧ್ಯಾಹ್ನದ ಸಿಗ್ನಲ್‌ನಲ್ಲಿ ಹಿಂದಿನಿಂದ ಕಪ್ಪು ಹೊಗೆ ಶುರುವಾಯಿತು.

ಸಿಟ್ಟು ಬರುವುದು ಇಲ್ಲೇ. ಇದು ಬಾಷ್‌ನ ಕೆ-ಜೆಟ್ರಾನಿಕ್, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, 1973ರಲ್ಲಿ ಬಂದದ್ದು. ಸ್ಕ್ಯಾನರ್ ಚುಚ್ಚಿ ಓದಲು ಒಳಗೆ ಕಂಪ್ಯೂಟರ್ ಇಲ್ಲ, ಎಲ್ಲ ಲೆಕ್ಕವೂ ಪ್ರೆಶರ್‌ನದು. ಪೆಟ್ರೋಲ್ ಅಳೆದು ಬಿಡುವ ಪ್ಲಂಜರನ್ನು, ಅಂದರೆ ಏರಿಳಿಯುವ ಸಣ್ಣ ಕಡ್ಡಿಯನ್ನು, ಮೇಲಿಂದ ಅದುಮಿ ಹಿಡಿಯುವುದು ಕಂಟ್ರೋಲ್ ಪ್ರೆಶರ್, ಅದೂ ಪೆಟ್ರೋಲಿನದೇ ಒತ್ತಡ. ಚಳಿಯಲ್ಲಿ ಅದು ತಗ್ಗಬೇಕು, ಆಗ ಪ್ಲಂಜರ್ ಹೆಚ್ಚು ಏಳುತ್ತದೆ, ಪೆಟ್ರೋಲ್ ಧಾರಾಳ. ಈ ಪ್ರೆಶರ್ ಹೊಂದಿಸುವ ವಾರ್ಮ್ ಅಪ್ ರೆಗ್ಯುಲೇಟರಿನೊಳಗಿನ ಬೈಮೆಟಲ್ (ಎರಡು ಲೋಹದ) ಪಟ್ಟಿ ಬಿಸಿಯಾದಂತೆ ಪ್ರೆಶರ್ ಏರಿ ಪೆಟ್ರೋಲ್ ಕಡಿಮೆಯಾಗುತ್ತದೆ. ಅಂದಮೇಲೆ ಬಿಸಿ ಎಂಜಿನ್ನಿಗೆ ಗೇಜ್ ಹಚ್ಚಿ ಚಳಿಯ ರೋಗ ಹುಡುಕಿದರೆ ಸಿಗುವುದು ಹೇಗೆ?

ಕೊನೆಗೆ ಸಿಕ್ಕವರು ಇಂಡಿ ಕಡೆಯ ಮೇಸ್ತ್ರಿ. ಫೋನಲ್ಲೇ ತಾಕೀತು: "ಸರ್ರ, ರಾತ್ರಿ ಗಾಡಿ ಮುಟ್ಟಬ್ಯಾಡ್ರಿ. ಮುಂಜಾನಿ ಆರಕ್ಕ ನಾನ ಬರ್ತೀನಿ." ಮಫ್ಲರ್ ಸುತ್ತಿಕೊಂಡು ಬಂದವರೇ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ಡಿಸ್ಟ್ರಿಬ್ಯೂಟರ್‌ಗೂ ರೆಗ್ಯುಲೇಟರ್‌ಗೂ ನಡುವೆ ವಾಲ್ವ್ ಇರುವ ಗೇಜ್ ಕೂರಿಸಿದರು. ರೆಗ್ಯುಲೇಟರಿನ ವೈರ್ ಕಳಚಿಟ್ಟರು, ಇಲ್ಲದಿದ್ದರೆ ಅದರ ಹೀಟರ್ ಬಿಸಿಯಾಗಿ ಲೆಕ್ಕ ಕೆಡುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ, ರಿಲೇ ತೆಗೆದು ವೈರ್ ಹಾಕಿ ಪಂಪ್ ಮಾತ್ರ ಓಡಿಸಿದರು. ನಾನು ಚಹಾ ಹಿಡಿದು ಒಳಬರುವ ಗಾಳಿ ಅಳೆಯುವ ಏರ್ ಪ್ಲೇಟ್ ಕಡೆ ಬೆರಳು ಚಾಚಿದ್ದೇ ತಡ, ಗದರಿಸಿದರು. ಆಗ ಅದನ್ನು ಅಲುಗಿಸಿದರೆ ಇಂಜೆಕ್ಟರ್‌ಗಳು ಸಿಲಿಂಡರಿಗೆ ಪೆಟ್ರೋಲ್ ಸುರಿಯುತ್ತವೆ.

ವಾಲ್ವ್ ಮುಚ್ಚಿದಾಗ, ಪಂಪ್ ಕೊಡುವ ಸಿಸ್ಟಮ್ ಪ್ರೆಶರ್ 5 ಬಾರ್ ದಾಟಿತು, ಪಂಪ್ ಸರಿಯಿದೆ. ವಾಲ್ವ್ ತೆರೆದರು, ಈಗ ಕಂಟ್ರೋಲ್ ಪ್ರೆಶರ್. ಒಂದು, ಒಂದೂವರೆ ಬಾರ್ ಹತ್ತಿರ ಇರಬೇಕಾದ ಮುಳ್ಳು ಮೂರರ ಮೇಲೆ ನಿಂತಿತ್ತು! ಬಿಸಿ ಎಂಜಿನ್ನಿನ ಪ್ರೆಶರ್, ತಣ್ಣಗಿನ ಎಂಜಿನ್ನಿಗೆ.

ರೆಗ್ಯುಲೇಟರಿನ ಬಾಯಲ್ಲಿ ಸಾಸಿವೆ ಕಾಳಿನಂಥ ಒಂದು ಜಾಲರಿ, ಅದರ ತುಂಬ ಟ್ಯಾಂಕಿನ ತುಕ್ಕು. ತೊಳೆದು ಹಾಕಿದ ಮೇಲೆ 1.4. ವೈರ್ ಸಿಕ್ಕಿಸಿದಾಗ ಮುಳ್ಳು ನಿಧಾನಕ್ಕೆ ಏರಿ ಮೂರೂವರೆಗೆ ಬಂದು ನಿಂತದ್ದನ್ನು ಇಬ್ಬರೂ ಮಾತಿಲ್ಲದೆ ನೋಡಿದೆವು. ನಾನಾ ಪೇಠೆಯಲ್ಲಿ ಹೊಸ ರೆಗ್ಯುಲೇಟರ್ ಹುಡುಕಿ ಅಲೆದದ್ದೆಲ್ಲ ದಂಡ.

ಈಗ ಆ ಗ್ಯಾರೇಜಿನವರು ತಿರುಗಿಸಿಟ್ಟ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತರಬೇಕು. ಎಷ್ಟು ಸುತ್ತು ತಿರುಗಿಸಿದ್ದರೋ, ಬರೆದಿಟ್ಟಿಲ್ಲ. ಮೇಸ್ತ್ರಿ ಭಾನುವಾರ ಬರ್ತೀನಿ ಅಂದಿದ್ದಾರೆ, ಈ ಸಲ ಎಂಜಿನ್ ಬಿಸಿ ಇರಲಿ ಅಂತ.